ಪಾಲಕ್ ಏಕೆ ಬೀಟ್‌ರೂಟ್ ಅಲ್ಲ? : ಹಳೆಯ ಬೆಂಗಳೂರಿನ ಸೊಪ್ಪು-ಗೆಡ್ಡೆಗಳ ವರ್ಗೀಕರಣ

ಬಸವನಗುಡಿಯ ಗಾಂಧಿಬಜಾರು, ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆ, ಚಾಮರಾಜಪೇಟೆಯ ಬೀದಿಬದಿ - ಇವುಗಳಲ್ಲಿ ಎಲ್ಲಿಯೇ ಆಗಲಿ ಬೆಳಗಿನ ವ್ಯಾಪಾರವನ್ನು ನಿಂತು ನೋಡಿದವರಿಗೆ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಗೆರೆಯ ಒಂದು ಬದಿಗೆ ತಕ್ಕಡಿಯ ಪದಾರ್ಥಗಳು, ಇನ್ನೊಂದು ಬದಿಗೆ ಕಟ್ಟಿನ ಪದಾರ್ಥಗಳು. ಹುರುಳಿಕಾಯಿ, ಬದನೆ, ಆಲೂಗೆಡ್ಡೆ, ಬೀಟ್‌ರೂಟುಗಳನ್ನು ತೂಗಿ ಕೊಡುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್‌ಗಳನ್ನು ಬಾಳೆನಾರಿನಲ್ಲೋ ದಾರದಲ್ಲೋ ಕಟ್ಟಿ, ಕಟ್ಟಿಗೆ ಇಷ್ಟು ಎಂದು ಕೊಡುತ್ತಾರೆ. ಎಷ್ಟೋ ಕಡೆ ಮಾರುವವರೂ ಬೇರೆ. ತರಕಾರಿಯವರು ಬೇರೆ, ಸೊಪ್ಪಿನವರು ಬೇರೆ. ಬೀಟ್‌ರೂಟ್ ಮತ್ತು ಪಾಲಕ್ ಈ ಗೆರೆಯ ಎರಡು ಬದಿಗಳಲ್ಲಿ ಕುಳಿತಿರುತ್ತವೆ. ಅವೆರಡಕ್ಕೂ ಏನಾದರೂ ನಂಟಿದೆ ಎಂದು ಕೊಳ್ಳುವವರಾಗಲಿ ಮಾರುವವರಾಗಲಿ ಭಾವಿಸುವುದಿಲ್ಲ.

ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಒಂದೇ ಪ್ರಭೇದ. ಬೆಂಗಳೂರು ಸುತ್ತಿನ ಬಯಲುಸೀಮೆಯ ಮಾರುಕಟ್ಟೆಗೆ ಬರುವ ಪಾಲಕ್ ಬಹುಮಟ್ಟಿಗೆ ಬೀಟ ವಲ್ಗ್ಯಾರಿಸ್ ಎಂಬ ಪ್ರಭೇದದ ಬೆಂಗಾಲೆನ್ಸಿಸ್ ಎಂಬ ಬಗೆ. ಬೀಟ್‌ರೂಟ್ ಸಹ ಬೀಟ ವಲ್ಗ್ಯಾರಿಸ್. ಒಂದು ಎಲೆಗಾಗಿ ಬೆಳೆದದ್ದು, ಇನ್ನೊಂದು ಗೆಡ್ಡೆಗಾಗಿ ಬೆಳೆದದ್ದು, ಅಷ್ಟೆ. ಇಂಗ್ಲಿಷಿನಲ್ಲಿ ಸ್ಪಿನಾಚ್ ಎಂದು ಕರೆಯುವ ಸ್ಪಿನೇಸಿಯ ಒಲರೇಸಿಯ ಬೇರೆಯೇ ಗಿಡ. ನಮ್ಮ ಪಾಲಕ್ಕಿಗೆ ಅದು ದೂರದ ದಾಯಾದಿ ಮಾತ್ರ. ಪಾಲಕ್ ಎಂದರೆ ಸ್ಪಿನಾಚ್ ಎಂದು ಶಾಲೆಯ ಪುಸ್ತಕಗಳಿಂದ ಹಿಡಿದು ಅಂಗಡಿಯ ಚೀಟಿಗಳವರೆಗೆ ಬರೆಯುತ್ತ ಬಂದಿರುವುದು ಅನುವಾದದ ಸೋಮಾರಿತನ.

ಹಾಗಾದರೆ ಜನರ ವರ್ಗೀಕರಣ ತಪ್ಪೇ? ಇಂಥ ಪ್ರಶ್ನೆಯನ್ನು 1967ರಲ್ಲಿ ಮಾನವಶಾಸ್ತ್ರಜ್ಞ ರಾಲ್ಫ್ ಬುಲ್ಮರ್ ನ್ಯೂಗಿನಿಯ ಕಾರಂ ಜನರ ವಿಷಯದಲ್ಲಿ ಎತ್ತಿದ್ದರು. ಹಾರಲಾರದ ದೊಡ್ಡ ಪಕ್ಷಿಯಾದ ಕ್ಯಾಸೊವರಿಯನ್ನು ಕಾರಂ ಜನ ಹಕ್ಕಿಗಳ ಗುಂಪಿಗೆ ಸೇರಿಸುವುದಿಲ್ಲ. ಅವರಿಗೆ ಹಕ್ಕಿಯ ಲಕ್ಷಣ ತಿಳಿಯದೆಂದಲ್ಲ. ಕಾಡು ಮತ್ತು ತೋಟ, ಬೇಟೆ ಮತ್ತು ಬಂಧುತ್ವ ಇವುಗಳ ನಡುವೆ ಆ ಪ್ರಾಣಿಗೆ ವಿಶಿಷ್ಟ ಸ್ಥಾನವಿರುವುದರಿಂದ ಅದು ಪ್ರತ್ಯೇಕ ವರ್ಗವಾಗಿದೆ ಎಂದು ಬುಲ್ಮರ್ ತೋರಿಸಿದರು. ಜನಪದ ವರ್ಗೀಕರಣವನ್ನು ವಿಜ್ಞಾನದ ಅಳತೆಗೋಲಿನಿಂದ ಅಳೆದು ಅಂಕ ಕೊಡುವುದಕ್ಕಿಂತ ಅದರ ಒಳಗಿನ ತರ್ಕವನ್ನು ಹುಡುಕುವುದು ಹೆಚ್ಚು ಫಲದಾಯಕ. ಪಾಲಕ್ ಏಕೆ ಬೀಟ್‌ರೂಟ್ ಅಲ್ಲ ಎಂಬ ಪ್ರಶ್ನೆಯನ್ನು ಇಲ್ಲಿ ಹಾಗೆಯೇ ಕೇಳಬಹುದಾಗಿದೆ. ಅದಕ್ಕೆ ಮೊದಲು ಸಸ್ಯಶಾಸ್ತ್ರ ಹೇಳುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಲಿನೇಯಸ್ 1753ರಲ್ಲಿ ಬೀಟ ವಲ್ಗ್ಯಾರಿಸ್ ಎಂಬ ಹೆಸರನ್ನು ಕೊಟ್ಟ. 1762ರಲ್ಲಿ ಕಡಲತೀರದ ಕಾಡು ಬೀಟನ್ನು ಬೀಟ ಮ್ಯಾರಿಟಿಮ ಎಂದು ಬೇರೆ ಮಾಡಿದ. ಇಂದಿನ ಸಸ್ಯಶಾಸ್ತ್ರಜ್ಞರು ಈ ಕಡಲ ಬೀಟನ್ನು ಮತ್ತೆ ವಲ್ಗ್ಯಾರಿಸ್‌ನ ಒಳಗೇ ಒಂದು ಉಪಪ್ರಭೇದವಾಗಿ ಇರಿಸುತ್ತಾರೆ. ಏಕೆಂದರೆ ಎರಡೂ ತಡೆಯಿಲ್ಲದೆ ಬೆರೆತು ಬೀಜ ಕಟ್ಟುತ್ತವೆ. ಯೂರೋಪಿನ ಅಟ್ಲಾಂಟಿಕ್ ತೀರ, ಮೆಡಿಟರೇನಿಯನ್ ತೀರ, ಪಶ್ಚಿಮ ಏಷ್ಯಾ ಇದರ ನೆಲೆ. ಉಪ್ಪುಗಾಳಿಗೆ ಒಗ್ಗಿದ, ದಪ್ಪ ಹೊಳಪಿನ ಎಲೆಗಳ ಈ ಸಾಮಾನ್ಯ ಗಿಡವೇ ಬೇಸಾಯದ ಎಲ್ಲ ಬೀಟುಗಳ ಮೂಲ. ಮನುಷ್ಯ ಮೊದಲು ತಿಂದದ್ದು ಅದರ ಎಲೆಯನ್ನು. ಗೆಡ್ಡೆ ಬಂದದ್ದು ಬಹಳ ತಡವಾಗಿ. ವಂಶದ ಲೆಕ್ಕದಲ್ಲಿ ಹೇಳುವುದಾದರೆ ಸೊಪ್ಪು ಹಿರಿಯದು, ಗೆಡ್ಡೆ ಕಿರಿಯದು.

1999ರಲ್ಲಿ ಲಾಂಗೆ ಮತ್ತು ಸಂಗಡಿಗರು ಬೇಸಾಯದ ಬೀಟುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು: ಎಲೆಯ ಬೀಟು, ತೋಟದ ಬೀಟು, ಮೇವಿನ ಬೀಟು, ಸಕ್ಕರೆ ಬೀಟು. ಈ ವಿಂಗಡಣೆಗೆ ಆಧಾರ ಹೂವಿನ ರಚನೆಯಲ್ಲ, ಬಳಕೆ. ಅಂದರೆ ಪ್ರಭೇದದ ಗಡಿ ದಾಟಿ ಒಳಗೆ ಬಂದ ಕೂಡಲೇ ವಿಜ್ಞಾನಿಗಳೂ ಗಾಂಧಿಬಜಾರಿನ ಸೊಪ್ಪಿನವರ ಕ್ರಮವನ್ನೇ ಅನುಸರಿಸುತ್ತಾರೆ ಎಂಬುದು ಗಮನಾರ್ಹ. ಈ ನಾಲ್ಕರಲ್ಲಿ ಸಕ್ಕರೆ ಬೀಟು ಎಲ್ಲಕ್ಕಿಂತ ಹೊಸದು. 1747ರಲ್ಲಿ ಮಾರ್ಗ್ರಾಫ್ ಎಂಬ ಜರ್ಮನ್ ರಸಾಯನಜ್ಞ ಬೀಟಿನಲ್ಲಿ ಕಬ್ಬಿನ ಸಕ್ಕರೆಯೇ ಇದೆಯೆಂದು ತೋರಿಸಿದ; ಅವನ ಶಿಷ್ಯ ಆಖಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸೈಲೀಷಿಯದಲ್ಲಿ ಮೊದಲ ಕಾರ್ಖಾನೆ ನಡೆಸಿದ.

ಬೀಟ ಕುಲದ ಉಳಿದ ಕಾಡು ದಾಯಾದಿಗಳು ಕೆಲವೇ. ಮಡೀರ ದ್ವೀಪದ ಬಳಿಯ ಪುಟ್ಟ ನಡುಗಡ್ಡೆಗಳಲ್ಲಿ ಮಾತ್ರ ಉಳಿದಿರುವ ಬೀಟ ಪ್ಯಾಟುಲ, ಗ್ರೀಸಿನ ಎತ್ತರದ ಬೆಟ್ಟಗಳ ಬೀಟ ನಾನ, ತುರ್ಕಿ ಮತ್ತು ಕಾಕಸಸ್ ಸೀಮೆಯ ಬೀಟ ಕೊರೊಲಿಫ್ಲೋರ ಮೊದಲಾದವು ಇವುಗಳಲ್ಲಿ ಸೇರುತ್ತವೆ. ಹಿಂದೆ ಇದೇ ಕುಲದಲ್ಲಿದ್ದ ಮೂರು ಬಳ್ಳಿಯಂಥ ಗಿಡಗಳನ್ನು 1977ರಲ್ಲಿ ಪಟೆಲಿಫೋಲಿಯ ಎಂಬ ಬೇರೆ ಕುಲಕ್ಕೆ ಸಾಗಿಸಲಾಯಿತು. ಇವು ಯಾವುವೂ ಮನೆಯ ಅಡುಗೆಗೆ ಬರುವ ಗಿಡಗಳಲ್ಲ. ಆದರೆ ಬೇಸಾಯದ ಬೀಟಿಗೆ ರೋಗ ಬಂದಾಗ ತಳಿವಿಜ್ಞಾನಿಗಳು ಮೊರೆಹೋಗುವುದು ಇವುಗಳನ್ನೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಮುನೆರಾಟಿ ಪೋ ನದೀಮುಖದ ಕಡಲ ಬೀಟಿನಿಂದ ಎಲೆಚುಕ್ಕೆ ರೋಗ ತಡೆಯುವ ಗುಣವನ್ನು ಸಕ್ಕರೆ ಬೀಟಿಗೆ ತಂದ. ಬೇರಿನ ಜಂತುಹುಳುವನ್ನು ತಡೆಯುವ ಗುಣ ಪಟೆಲಿಫೋಲಿಯದಿಂದ ಬಂತು. ಕರ್ನಾಟಕದಲ್ಲಿ ಬೀಟ ಕುಲದ ಕಾಡುಗಿಡ ಒಂದೂ ಇಲ್ಲ. ಬೀಟ್‌ರೂಟಿಗೆ ಇಲ್ಲಿ ತವರೂ ಇಲ್ಲ, ತೀರ ಹತ್ತಿರದ ನೆಂಟರೂ ಇಲ್ಲ - ಪಾಲಕ್ ಒಂದನ್ನು ಬಿಟ್ಟರೆ.

ಪಾಲಕ್ಕಿಗೆ ಬೀಟ ಬೆಂಗಾಲೆನ್ಸಿಸ್ ಎಂದು ಹೆಸರಿಟ್ಟವರು ಕಲ್ಕತ್ತೆಯ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರೋ. ನಂತರದವರು ಅದನ್ನು ವಲ್ಗ್ಯಾರಿಸ್‌ನ ಒಂದು ಬಗೆಯೆಂದು ಪರಿಗಣಿಸಿದರು. ಈ ನೆಂಟಸ್ತಿಕೆಗೆ ಪುಸ್ತಕದ ಸಾಕ್ಷ್ಯಕ್ಕಿಂತ ಬಲವಾದ ಸಾಕ್ಷ್ಯ ಹೊಲದಲ್ಲಿದೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕಟ್ರೈನ್ ಕೇಂದ್ರದಲ್ಲಿ ರೂಪುಗೊಂಡ ಪೂಸಾ ಹರಿತ್ ಎಂಬ ಪಾಲಕ್ ತಳಿ ಸಕ್ಕರೆ ಬೀಟು ಮತ್ತು ನಾಡಪಾಲಕ್‌ಗಳ ಸಂಕರ. ನೆಂಟರಲ್ಲದಿದ್ದರೆ ಸಂಬಂಧ ಕುದುರುತ್ತಿರಲಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ಎಂಬ ಪಾಲಕ್ ತಳಿಯೂ ಇದೇ ಬೀಟ ಬಳಗದ್ದು.

ಸೊಪ್ಪು ಬೆಳೆಯುವವರಿಗೆ ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಬೀಜ ಸಾಕು. ಬೀಟ್‌ರೂಟಿನ ಬೀಜವೆಂದು ನಾವು ಕರೆಯುವುದು ನಿಜಕ್ಕೂ ಒಂದು ಬೀಜವಲ್ಲ; ಹಲವು ಹೂಗಳ ಕಾಯಿಗಳು ಅಂಟಿಕೊಂಡು ಬೆಂಡಿನಂತಾದ ಒರಟು ಗುಂಡು. ಆದ್ದರಿಂದಲೇ ಒಂದು ಗುಂಡು ಬಿತ್ತಿದರೆ ಎರಡು ಮೂರು ಸಸಿಗಳು ಒಟ್ಟಿಗೆ ಎದ್ದು, ಕಿತ್ತು ತೆಳುಮಾಡುವ ಕೆಲಸ ಬೀಳುತ್ತದೆ. ಪಾಲಕ್ಕಿನ ಬೀಜವೂ ಅಂಥದೇ ಒರಟು ಗುಂಡು. ಇಂಗ್ಲಿಷ್ ಸ್ಪಿನಾಚಿನಲ್ಲಾದರೋ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೀಟಿನಲ್ಲೂ ಪಾಲಕ್ಕಿನಲ್ಲೂ ಒಂದೇ ಹೂವಿನಲ್ಲಿ ಎರಡೂ ಅಂಗಗಳಿರುತ್ತವೆ.

ರೂಪದಲ್ಲಿ ಇಷ್ಟು ಹೋಲುವ ಈ ಬೀಜಗಳ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಬೀಟ್‌ರೂಟ್ ಎರಡು ವರ್ಷದ ಗಿಡ. ಮೊದಲ ವರ್ಷ ಗೆಡ್ಡೆ ಕಟ್ಟುತ್ತದೆ. ಹಲವು ವಾರಗಳ ಗಟ್ಟಿ ಚಳಿ ಸಿಕ್ಕಿದ ಮೇಲೆ ಮಾತ್ರ ಹೂಕಡ್ಡಿ ಎತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಬೆಂಗಳೂರಿನ ಹವೆ ಗೆಡ್ಡೆ ಬಲಿಯುವಷ್ಟು ತಂಪು, ಹೂ ಬಿಡಿಸುವಷ್ಟಲ್ಲ. ಮಾಲೂರು, ಹೊಸಕೋಟೆ, ಚಿಕ್ಕಬಳ್ಳಾಪುರಗಳ ಕಡೆಯಿಂದ ಎಷ್ಟು ಬೀಟ್‌ರೂಟ್ ಬಂದರೂ ಅದರ ಬೀಜ ಹಿಮಾಲಯದಂಥ ಶೀತಪ್ರದೇಶದಿಂದಲೋ ಹೊರದೇಶದಿಂದಲೋ ಬರಬೇಕು. ಪಾಲಕ್ಕಿಗೆ ಈ ಕಟ್ಟುಪಾಡಿಲ್ಲ. ಅದು ಬಯಲಿನಲ್ಲೇ ಹೂಬಿಟ್ಟು ಬೀಜ ಕಟ್ಟುತ್ತದೆ. ಬೆಳೆದವನು ಒಂದು ಮಡಿಯನ್ನು ಕೊಯ್ಯದೆ ಬಿಟ್ಟರೆ ಮುಂದಿನ ಬಿತ್ತನೆಗೆ ಸಾಕು. ಒಂದು ಗಿಡ ಈ ನೆಲದಲ್ಲಿ ಸಂತಾನ ಪಡೆಯುತ್ತದೆ, ಅದರ ಒಡಹುಟ್ಟು ಪಡೆಯುವುದಿಲ್ಲ. ಹಳೆಯ ಬೆಂಗಳೂರಿನ ವರ್ಗೀಕರಣವನ್ನು ಅರ್ಥಮಾಡಿಕೊಳ್ಳಲು ಈ ಸಂಗತಿ ಮುಖ್ಯವಾಗುತ್ತದೆ.

1809ರಲ್ಲಿ ದಂಡುಪ್ರದೇಶ ನೆಲೆಗೊಂಡ ಮೇಲೆ ಯೂರೋಪಿಯನ್ನರ ಊಟದ ಮೇಜಿಗೆ ಬೇಕಾದ ಕಾಯಿಪಲ್ಲೆಗಳಿಗೆ ಬೆಂಗಳೂರಿನಲ್ಲಿ ಬೇಡಿಕೆ ಹುಟ್ಟಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್ ಹೊರಗಿನ ಗಿಡಗಳನ್ನು ತಂದು ಒಗ್ಗಿಸುವ ಕೇಂದ್ರವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರ ಹೆಸರು ಸೀಮೆಬದನೆಯೊಂದಿಗೆ ಸೇರಿಕೊಂಡಿದೆ. ಕೆರೆಗಳ ಅಂಚಿನಲ್ಲಿ ಇವನ್ನೆಲ್ಲ ಬೆಳೆದು ಪೇಟೆಗೆ ಒದಗಿಸಿದವರಲ್ಲಿ ತಿಗಳ ಸಮುದಾಯದವರು ಪ್ರಮುಖರು. ಅವರ ಕರಗ ಆಚರಣೆಗೆ ಅಂಟಿಕೊಂಡಿರುವ ಸಂಪಂಗಿ ಕೆರೆಯ ಬಹುಭಾಗದಲ್ಲಿ ಇಂದು ಕ್ರೀಡಾಂಗಣವಿದೆ. 1892ರಲ್ಲಿ ಚಾಮರಾಜಪೇಟೆಯೂ 1898ರ ಪ್ಲೇಗಿನ ಸಂದರ್ಭದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಗಳೂ ರೂಪುಗೊಂಡಾಗ ಇಂಗ್ಲಿಷ್ ತರಕಾರಿ ಎಂಬ ಮಾತು ಹೊಸ ಬಡಾವಣೆಗಳ ಅಡುಗೆಮನೆಯ ನುಡಿಯಾಯಿತು. ಅದು ಇಂದಿಗೂ ಬಳಕೆಯಲ್ಲಿದೆ.

ಹೊಸ ಕಾಯಿಗಳು ಬಂದಾಗ ಕನ್ನಡ ಅವಕ್ಕೆ ಹೆಸರು ಕಟ್ಟಿದ ಬಗೆ ಸ್ವಾರಸ್ಯಕರ. ಬಲ್ಲ ವಸ್ತುವಿಗೆ ಸೀಮೆ ಎಂಬುದನ್ನು ಹಚ್ಚುವುದು ಒಂದು ಬಗೆ: ಸೀಮೆಬದನೆ, ಸೀಮೆಹುಣಸೆ. ಆಕಾರ ಹಿಡಿದು ಹೆಸರಿಡುವುದು ಇನ್ನೊಂದು: ಹೂಕೋಸು, ನವಿಲುಕೋಸು. ಟೊಮೇಟೊ ಕೆಲವು ಕಡೆ ಚಪ್ಪರಬದನೆಯಾಯಿತು. ಗಾಜರು ಉತ್ತರ ಕರ್ನಾಟಕದಲ್ಲಿ ಗಜ್ಜರಿಯಾಯಿತು. ಬೀಟ್‌ರೂಟಿಗೆ ಮಾತ್ರ ಬಾಯಿಮಾತಿನಲ್ಲಿ ನಿಂತ ಕನ್ನಡ ಹೆಸರಿಲ್ಲ. ರೂಟ್ ಎಂದರೆ ಬೇರೆಂದು ಗೊತ್ತಿದ್ದೂ ಅದನ್ನು ಗೆಡ್ಡೆಯ ಗುಂಪಿನಲ್ಲಿ ಇರಿಸಿ ಪರಭಾಷೆಯ ಹೆಸರನ್ನೇ ಉಳಿಸಿಕೊಂಡದ್ದಾಯಿತು. ಗೆಡ್ಡೆ ಎಂಬ ಮಾತು ಕನ್ನಡದಲ್ಲಿ ಬಹಳ ಉದಾರವಾದದ್ದು. ಕಾಂಡವೇ ಊದಿದ ಆಲೂಗೆಡ್ಡೆಗೂ ಸುವರ್ಣಗೆಡ್ಡೆಗೂ ಅದು ಸಲ್ಲುತ್ತದೆ, ಬೆಳ್ಳುಳ್ಳಿಗೂ ಸಲ್ಲುತ್ತದೆ. ಬೀಟ್‌ರೂಟಿನ ಮೇಲ್ಭಾಗವೂ ಶುದ್ಧ ಬೇರಲ್ಲ, ಬೇರು ಮತ್ತು ಕಾಂಡಗಳ ನಡುವಿನ ಭಾಗ. ಇಂಗ್ಲಿಷಿನ ಹೆಸರಿಗಿಂತ ಕನ್ನಡದ ಗುಂಪೇ ಇಲ್ಲಿ ಸತ್ಯಕ್ಕೆ ಹತ್ತಿರವಾಗಿದೆ.

ನಾಟಿ ಎಂಬ ಇನ್ನೊಂದು ಮಾತನ್ನೂ ಗಮನಿಸಬೇಕು. ಟೊಮೇಟೊ ದಕ್ಷಿಣ ಅಮೆರಿಕದಿಂದ ಬಂದದ್ದು. ಅಂಥ ಗಿಡಗಳ ಕಥೆಯನ್ನು ಬಸವನಗುಡಿಯ ಡಿ.ವಿ.ಜಿ.ಯವರ ಮಗನಾದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ದಲ್ಲಿ ಹೇಳಿದ್ದಾರೆ. ಆದರೂ ಬೆಂಗಳೂರಿನ ಮಾರುಕಟ್ಟೆಯಲ್ಲಿ ನಾಟಿ ಟೊಮೇಟೊ ಇದೆ, ಮತ್ತು ಸಾರಿಗೆ ಅದೇ ಬೇಕೆಂದು ಕೇಳಿ ಕೊಳ್ಳುವವರಿದ್ದಾರೆ. ಬೀಟ್‌ರೂಟಿಗೆ ನಾಟಿ ಎಂಬ ವಿಶೇಷಣ ಸಾಮಾನ್ಯವಾಗಿ ಅಂಟಿಲ್ಲ. ಪರದೇಶದ ಗಿಡ ನಾಟಿಯಾಗುವುದು ಅದರ ಬೀಜ ಬೆಳೆಗಾರನ ಮನೆಯಲ್ಲಿ ಉಳಿದಾಗ ಎಂದು ಇದರಿಂದ ಊಹಿಸಬಹುದು. ಈ ಊಹೆಯನ್ನು ತೀರ ಬಿಗಿಯಾಗಿ ಹಿಡಿಯಬಾರದು. ಊಟಿಯ ಕ್ಯಾರೆಟ್ಟಿನಿಂದ ಬೇರ್ಪಡಿಸಲು ನಾಟಿ ಕ್ಯಾರೆಟ್ ಎನ್ನುವಾಗ ಬೀಜಕ್ಕಿಂತ ಬೆಳೆದ ಊರೇ ಮುಖ್ಯವಾಗಿದೆ. ಅಂತೂ ಪಾಲಕ್ ಎಂಬ ಉತ್ತರದ ಹೆಸರನ್ನು ಹೊತ್ತು ಬಂದ ಗಿಡ ಸೊಪ್ಪಿನ ಬುಟ್ಟಿಯಲ್ಲಿ ಸದ್ದಿಲ್ಲದೆ ಸೇರಿಹೋದದ್ದಕ್ಕೂ ಬೀಟ್‌ರೂಟ್ ನೂರು ವರ್ಷ ಕಳೆದರೂ ಇಂಗ್ಲಿಷಾಗಿಯೇ ಉಳಿದದ್ದಕ್ಕೂ ಬೀಜವೇ ಒಂದು ಮುಖ್ಯ ಕಾರಣವೆಂದು ತೋರುತ್ತದೆ.

ಸೊಪ್ಪಿನ ಬುಟ್ಟಿಯಲ್ಲಿ ಪಾಲಕ್ಕಿಗೆ ಸಿಕ್ಕಿದ ನೆರೆಹೊರೆ ಯಾವುದು? ದಂಟು, ಕೀರೆ, ಹೊನಗೊನೆ, ಅಣ್ಣೆ, ಚಕ್ಕೋತ. ಚಕ್ಕೋತವನ್ನು ಚಕ್ರವರ್ತಿ ಸೊಪ್ಪೆಂದೂ ಕರೆಯುತ್ತಾರೆ. ಚಕ್ಕೋತದ ಹಣ್ಣಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಹಳೆಯ ಸಸ್ಯಶಾಸ್ತ್ರ ಗ್ರಂಥಗಳು ಬೀಟನ್ನೂ ಚಕ್ಕೋತವನ್ನೂ ಕೀನೊಪೋಡಿಯೇಸೀ ಎಂಬ ಕುಟುಂಬದಲ್ಲಿಯೂ ದಂಟು, ಹೊನಗೊನೆ, ಅಣ್ಣೆಗಳನ್ನು ಅಮರಾಂಥೇಸೀ ಎಂಬ ಕುಟುಂಬದಲ್ಲಿಯೂ ಇರಿಸಿದ್ದವು. ಅನುವಂಶೀಯ ಧಾತುವಿನ ಹೋಲಿಕೆಯನ್ನು ಆಧರಿಸಿದ 1998ರ ಹೊಸ ವರ್ಗೀಕರಣ ಎರಡನ್ನೂ ಕೂಡಿಸಿ ಅಮರಾಂಥೇಸೀ ಎಂದಿತು. 2016ರ ಪರಿಷ್ಕರಣೆಯೂ ಅದನ್ನೇ ಉಳಿಸಿಕೊಂಡಿದೆ. ಎರಡು ಕುಟುಂಬಗಳು ಬೇರೆಯಾಗಿಯೇ ಇರಬೇಕೆನ್ನುವ ತಜ್ಞರು ಇಂದಿಗೂ ಇದ್ದಾರೆ. ಬೆರಕೆ ಸೊಪ್ಪು ಆಯುವ ಹೆಂಗಸರಿಗೆ ಈ ವಿವಾದ ಗೊತ್ತಿಲ್ಲ. ಹೊಲದ ಬದುವಿನಲ್ಲಿ ಕಳೆಯಾಗಿ ಎದ್ದ ಈ ಗಿಡಗಳ ಎಳೆಯ ಕುಡಿಗಳನ್ನು ಅವರು ಹಿಂದಿನಿಂದಲೂ ಒಂದೇ ಮಡಿಲಿಗೆ ತುಂಬುತ್ತ ಬಂದಿದ್ದಾರೆ.

ಇದನ್ನು ಜನಪದರು ವಿಜ್ಞಾನಕ್ಕಿಂತ ಮೊದಲೇ ಕಂಡುಕೊಂಡಿದ್ದರು ಎಂದು ಕೊಂಡಾಡುವುದು ಅವಸರವಾದೀತು. ಬೆರಕೆಯಲ್ಲಿ ಈ ಕುಟುಂಬಕ್ಕೆ ಸೇರದ ಸೊಪ್ಪುಗಳೂ ಧಾರಾಳವಾಗಿ ಇರುತ್ತವೆ. ಮೆದುವಾಗಿ ಬೇಯುವುದು, ಮಸೆದರೆ ಬೇಳೆಯೊಂದಿಗೆ ಹೊಂದಿಕೊಳ್ಳುವುದು ಅಲ್ಲಿನ ಅಳತೆ. ಹದಿನಾರನೆಯ ಶತಮಾನದ ವೈದ್ಯಗ್ರಂಥವಾದ ಭಾವಪ್ರಕಾಶವೂ ಶಾಕಗಳನ್ನು ಎಲೆ, ಹೂ, ಕಾಯಿ, ನಾಳ, ಕಂದ, ಅಣಬೆಯಂಥವು ಎಂದು ಭಾಗ ಹಿಡಿದು ಆರಾಗಿ ವಿಂಗಡಿಸುತ್ತದೆ. ಎಲೆಯ ವಿಭಾಗದಲ್ಲಿ ವಾಸ್ತೂಕ, ಪೋತಕೀ, ಮಾರಿಷ, ಪಾಲಂಕ್ಯಾ ಇವು ಬರುತ್ತವೆ. ಅಂದರೆ ಚಕ್ಕೋತ, ಬಸಳೆ, ದಂಟುಗಳ ಬಳಗ. ಪಾಲಂಕ್ಯಾ ಇಂದಿನ ಯಾವ ಪಾಲಕ್ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ.

ಆದರೆ ಒಂದು ವಿಷಯದಲ್ಲಿ ಅಡುಗೆಮನೆಯ ಕಣ್ಣು ನಿಜವಾಗಿಯೂ ಸೂಕ್ಷ್ಮ. ಅದು ಬಣ್ಣ. ಕೆಂಪು ದಂಟಿನ ಬಸ್ಸಾರು ಅನ್ನವನ್ನು ಕೆಂಪಾಗಿಸುತ್ತದೆ. ಬೀಟ್‌ರೂಟ್ ಪಲ್ಯವೂ ಹಾಗೆಯೇ ಬಣ್ಣ ಬಿಡುತ್ತದೆ. ಬಸಳೆಯ ಹಣ್ಣನ್ನು ಹಿಸುಕಿ ಮಕ್ಕಳು ಶಾಯಿ ಮಾಡುತ್ತಾರೆ. ಈ ಮೂರೂ ಕೆಂಪುಗಳು ಬೀಟಾಲೈನ್ ಎಂಬ, ಸಾರಜನಕವುಳ್ಳ ವರ್ಣದ್ರವ್ಯದಿಂದ ಬಂದವು. ಬದನೆಯ ನೇರಳೆ, ದಾಸವಾಳದ ಕೆಂಪು ಇವು ಆಂಥೊಸಯನಿನ್ ಎಂಬ ಬೇರೆ ದ್ರವ್ಯದವು. ಒಂದು ಇರುವ ಗಿಡದಲ್ಲಿ ಇನ್ನೊಂದು ಇರುವುದಿಲ್ಲ. ಹೂಬಿಡುವ ಗಿಡಗಳಲ್ಲಿ ಬೀಟಾಲೈನ್ ಕಾಣುವುದು ಬೀಟ್‌ರೂಟ್ ಸೇರಿದ ಒಂದು ಗಣದಲ್ಲಿ ಮಾತ್ರ. ಗಾಂಧಿಬಜಾರಿನ ಹೂವಿನವರ ಬಳಿಯ ಕೋಳಿಜುಟ್ಟು, ಹಿತ್ತಲಿನ ಸಂಜೆಮಲ್ಲಿಗೆ, ಗೇಟಿನ ಮೇಲೆ ಹಬ್ಬಿದ ಕಾಗದದ ಹೂ, ಬೇಲಿಯ ಪಾಪಾಸುಕಳ್ಳಿಯ ಹಣ್ಣು ಎಲ್ಲವೂ ಈ ಬಣ್ಣದ ದಾಯಾದಿಗಳು. ಹುಳಿ ತಗುಲಿದರೆ ಈ ಕೆಂಪು ನಿಲ್ಲುತ್ತದೆ, ಬಹಳ ಹೊತ್ತು ಕುದಿಸಿದರೆ ಕಂದುತ್ತದೆ ಎಂಬುದು ಬೀಟ್‌ರೂಟ್ ಪಲ್ಯ ಮಾಡುವವರಿಗೆ ರಸಾಯನಶಾಸ್ತ್ರ ಓದದೆಯೂ ಗೊತ್ತು.

ಆಚಾರದ ವರ್ಗೀಕರಣ ಇವೆಲ್ಲಕ್ಕಿಂತ ಕಟ್ಟುನಿಟ್ಟು. ಬಸವನಗುಡಿ, ಮಲ್ಲೇಶ್ವರಗಳ ಅನೇಕ ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಬೀಟ್‌ರೂಟ್, ಕ್ಯಾರೆಟ್, ಕೋಸು, ಆಲೂಗೆಡ್ಡೆ, ಟೊಮೇಟೊಗಳು ಸಲ್ಲುವುದಿಲ್ಲ. ಬಾಳೆಕಾಯಿ, ಹಾಗಲಕಾಯಿಗಳು ಸಲ್ಲುತ್ತವೆ. ಮನೆಯಿಂದ ಮನೆಗೆ ಪಟ್ಟಿ ಕೊಂಚ ಬದಲಾದರೂ ಇಂಗ್ಲಿಷ್ ತರಕಾರಿ ಎಂಬ ಒಂದೇ ಮಾತು ಹೆಚ್ಚಿನದನ್ನು ನಿರ್ಣಯಿಸುತ್ತದೆ. ಪಿತೃಗಳು ಬದುಕಿದ್ದಾಗ ತಿಂದಿರದ ಪದಾರ್ಥವನ್ನು ಅವರಿಗೆ ಬಡಿಸಬಾರದೆಂಬ ಭಾವನೆ ಇದರ ಹಿಂದಿದ್ದರೆ, ಆ ಪಿತೃಗಳು ಯಾವ ತಲೆಮಾರಿನವರೆಂಬ ಪ್ರಶ್ನೆ ಏಳುತ್ತದೆ. ಇಂದು ಶ್ರಾದ್ಧ ಪಡೆಯುವ ಅಜ್ಜ ಬದುಕಿದ್ದಾಗ ಬೀಟ್‌ರೂಟ್ ಪಲ್ಯವನ್ನು ಕೇಳಿ ಹಾಕಿಸಿಕೊಂಡಿರಲೂಬಹುದು. ಪಟ್ಟಿ ಮಾತ್ರ ಅಜ್ಜನ ಅಜ್ಜನ ಕಾಲದಲ್ಲಿ ನಿಂತಿದೆ.

ಇದೇ ಮನೆಗಳಲ್ಲಿ ಭಾದ್ರಪದ ಬಂದಾಗ ಬೀಟ್‌ರೂಟಿನ ಇನ್ನೊಬ್ಬ ದಾಯಾದಿಗೆ ದೇವರ ಮುಂದೆ ಸ್ಥಾನ ಸಿಗುತ್ತದೆ. ವರಸಿದ್ಧಿವಿನಾಯಕನ 21 ಪತ್ರೆಗಳಲ್ಲಿ ಒಂದಾದ ಅಪಾಮಾರ್ಗ, ಅಂದರೆ ಉತ್ತರಾಣಿ, ಅಮರಾಂಥೇಸೀ ಕುಟುಂಬದ್ದು. ಮರುದಿನದ ಋಷಿಪಂಚಮಿಯ ವ್ರತದಲ್ಲಿ ಹಲ್ಲುಜ್ಜಲು ಬೇಕಾದದ್ದೂ ಉತ್ತರಾಣಿಯ ಕಡ್ಡಿಯೇ. ಸಸ್ಯಶಾಸ್ತ್ರದ ಒಂದೇ ಮನೆಯಲ್ಲಿ ಹುಟ್ಟಿದವುಗಳಲ್ಲಿ ಒಂದು ಪೂಜೆಗೆ, ಒಂದು ದಿನದ ಸಾರಿಗೆ, ಒಂದು ಶ್ರಾದ್ಧದ ದಿನ ಹೊಸ್ತಿಲಾಚೆಗೆ. ಇಲ್ಲಿ ಗೆರೆ ಎಳೆಯುತ್ತಿರುವುದು ಗಿಡದ ವಂಶವಲ್ಲ, ಆ ಗಿಡದೊಂದಿಗೆ ಮನೆತನಕ್ಕಿರುವ ನೆನಪು.

ಈಗ ಆ ನೆನಪಿಗೇ ಪೆಟ್ಟು ಬೀಳುತ್ತಿದೆ. ಹವಾನಿಯಂತ್ರಿತ ಅಂಗಡಿಗಳಲ್ಲಿ ಪಾಲಕ್ ಸ್ಪಿನಾಚಿನ ಚೀಟಿ ಹೊತ್ತು ಕುಳಿತಿದೆ. ಅದರ ಪಕ್ಕದಲ್ಲೇ ಸ್ವಿಸ್ ಚಾರ್ಡ್ ಎಂಬ, ಬಣ್ಣಬಣ್ಣದ ದೇಟುಗಳ ದುಬಾರಿ ಸೊಪ್ಪು ಇದೆ. ಪಾಲಕ್ಕಿಗೆ ಅದು ಎಲೆಯ ಬೀಟಿನ ಗುಂಪಿನ ಒಡಹುಟ್ಟು ಎಂದು ಎಲ್ಲೂ ಬರೆದಿಲ್ಲ. ಕೀರೆ, ಅಣ್ಣೆ, ಹೊನಗೊನೆಗಳಿಗೆ ಚೀಟಿಯೇ ಇಲ್ಲ. ಹೊನಗೊನೆ ಬೆಳೆಯುತ್ತಿದ್ದ ಕೆರೆಯಂಚುಗಳಲ್ಲಿ ಈಗ ಅದರ ದಕ್ಷಿಣ ಅಮೆರಿಕದ ದಾಯಾದಿಯಾದ ಕಳೆಯೊಂದು ಹಬ್ಬಿದೆ. ಬೀಟಿನ ಕಾಡು ದಾಯಾದಿಗಳ ಬೀಜವನ್ನು ಯೂರೋಪಿನ ಬೀಜಭಂಡಾರಗಳು ಶೀತಲ ಕೋಣೆಗಳಲ್ಲಿ ಕಾಪಾಡುತ್ತಿವೆ. ಬೆರಕೆ ಸೊಪ್ಪಿನ ಒಂದೊಂದು ಕುಡಿಯನ್ನೂ ಹೆಸರು ಹಿಡಿದು ಆಯುವ ತಿಳಿವಳಿಕೆ ಮಾತ್ರ ಆಯುವವರ ತಲೆಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಬೆಂಗಳೂರಿನ ಸೊಪ್ಪಿನ ಹೆಸರುಗಳ ಸಂಗ್ರಹ ಅಡುಗೆ, ವೈದ್ಯ, ಬೇಸಾಯ, ಆಚಾರ ಈ ನಾಲ್ಕನ್ನೂ ಒಟ್ಟಿಗೆ ಕೂಡಿಸಿಕೊಂಡು ಬಡಾವಣೆ ಬಡಾವಣೆಯಾಗಿ ನಡೆಯಬೇಕಾಗಿದೆ, ಅದೂ ಈಗ ಬುಟ್ಟಿ ಹೊತ್ತಿರುವ ಹಿರಿಯರು ಇರುವಾಗಲೇ.

ತರಕಾರಿಯವರು ಬೀಟ್‌ರೂಟನ್ನು ತಕ್ಕಡಿಗೆ ಹಾಕುವ ಮೊದಲು ಅದರ ಎಲೆಗಳನ್ನು ತಿರುಚಿ ಕಿತ್ತು ಪಕ್ಕಕ್ಕೆ ಎಸೆಯುತ್ತಾರೆ. ಕೆಲವು ಮನೆಯವರು ಅದನ್ನು ಕೇಳಿ ಪಡೆದು ಪಲ್ಯ ಮಾಡುತ್ತಾರೆ. ಆಗ ಅದಕ್ಕೆ ಬೀಟ್‌ರೂಟ್ ಸೊಪ್ಪು ಎಂಬ ಹೆಸರು ಬರುತ್ತದೆ, ಹೆಚ್ಚಿ ಬೇಯಿಸುವ ಕ್ರಮ ದಂಟಿನದೇ ಆಗಿರುತ್ತದೆ. ಗಣೇಶನ ಹಬ್ಬದ ಹಿಂದಿನ ದಿನ ಅದೇ ಬೀದಿಯಲ್ಲಿ ಉತ್ತರಾಣಿಯೂ ಪತ್ರೆಯ ಕಟ್ಟಿನೊಳಗೆ ಸೇರಿ ಹಣಕ್ಕೆ ಮಾರಾಟವಾಗುತ್ತದೆ. ಹಬ್ಬ ಕಳೆದು ವಾರವಾಗುವಷ್ಟರಲ್ಲಿ ಖಾಲಿ ನಿವೇಶನದ ಬೇಲಿಯ ಮಗ್ಗುಲಲ್ಲಿ ಅದು ಮತ್ತೆ ಕಳೆಯಾಗಿ ನಿಂತು, ಹಾದುಹೋಗುವವರ ಬಟ್ಟೆಗೆ ತನ್ನ ಬೀಜವನ್ನು ಅಂಟಿಸುತ್ತಿರುತ್ತದೆ.